ನಕ್ಷತ್ರಕ್ಕೆ ಎಷ್ಟು ಚಾರ್ಜ್ ಹಿಡಿಸುತ್ತದೆ?

ವಿದ್ಯುತ್ ಚಾರ್ಜ್ ಇರುವ ಸಾಂದ್ರ ನಕ್ಷತ್ರದ (ಸೂರ್ಯನಷ್ಟು ತೂಕ ಕೆಲವೇ ಕಿಲೋಮೀಟರಿನೊಳಗೆ ಅಡಕವಾದ ನಕ್ಷತ್ರದ) ಮಾದರಿ ಕಟ್ಟಲು ಕೂತವರು ದ್ರವ್ಯರಾಶಿ, ತ್ರಿಜ್ಯ, ಚಾರ್ಜ್ ಮೂರನ್ನೂ ತಮಗೆ ಬೇಕಾದ ಹಾಗೆ ಇಟ್ಟುಕೊಂಡು ಲೆಕ್ಕ ಶುರುಮಾಡಿಬಿಡುತ್ತಾರೆ. ಲೆಕ್ಕ ಕೆಡುವುದು ಅಲ್ಲಿಂದಲೇ. ಕ್ರೋರಿ–ಬರುವಾ ಮಾದರಿಯಲ್ಲಿ ಇದನ್ನು ಬರೀ ಕ್ಯಾಲ್ಕ್ಯುಲೇಟರ್ ಹಿಡಿದು ನೋಡಬಹುದು.

ಗುವಾಹಾಟಿಯ ಕಾಟನ್ ಕಾಲೇಜಿನ ಕ್ರೋರಿ ಮತ್ತು ಬರುವಾ 1975ರಲ್ಲಿ ಕೊಟ್ಟ ಪರಿಹಾರ ಇದು. ನಕ್ಷತ್ರದ ಒಳಗಿನ ದೇಶಕಾಲವನ್ನು ಅಳೆಯುವ ಸೂತ್ರದಲ್ಲಿ ಕಾಲದ ಭಾಗ, ತ್ರಿಜ್ಯದ ಭಾಗ ಎರಡರ ಘಾತಾಂಕವೂ ಕೇಂದ್ರದಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಹಿಡಿದರು. ಹಾಗೆ ಹಿಡಿದದ್ದರಿಂದ ಕೇಂದ್ರದಲ್ಲಿ ಯಾವುದೂ ಅನಂತಕ್ಕೆ ಹೋಗುವುದಿಲ್ಲ. ಗುರುತ್ವ, ವಿದ್ಯುತ್ತು ಎರಡನ್ನೂ ಒಟ್ಟಿಗೆ ಹಿಡಿಯುವ ಐನ್‌ಸ್ಟೈನ್–ಮ್ಯಾಕ್ಸ್‌ವೆಲ್ ಸಮೀಕರಣಗಳು ಮೂರು, ಸಿಗಬೇಕಾದದ್ದೂ ಮೂರು: ಸಾಂದ್ರತೆ, ಒತ್ತಡ, ವಿದ್ಯುತ್ ಕ್ಷೇತ್ರ. ಒತ್ತಡ ಎಲ್ಲ ದಿಕ್ಕಿಗೂ ಒಂದೇ ಎಂದರೆ ಚಾರ್ಜನ್ನು ನಾವು ಆರಿಸುವಂತಿಲ್ಲ, ಅದು ತಾನಾಗಿ ಬರುತ್ತದೆ.

ಬೆಳಕಿನ ವೇಗ, ಗುರುತ್ವ ಸ್ಥಿರಾಂಕ ಎರಡನ್ನೂ 1 ಎಂದು ಹಿಡಿದು ಎಲ್ಲವನ್ನೂ ಕಿಲೋಮೀಟರಿಗೆ ಇಳಿಸಿಕೊಳ್ಳಿ. ಒಂದು ಸೂರ್ಯ ಎಂದರೆ 1.4766 ಕಿ.ಮೀ. ಚಾರ್ಜ್ 1 ಕಿ.ಮೀ. ಎಂದರೆ 1.16 × 10²⁰ ಕೂಲಂಬ್. 1.4 ಸೂರ್ಯನ ತೂಕ, 10 ಕಿ.ಮೀ. ತ್ರಿಜ್ಯ ಇಟ್ಟುಕೊಳ್ಳೋಣ.

ದ್ರವ್ಯರಾಶಿಯನ್ನು ತ್ರಿಜ್ಯದಿಂದ ಭಾಗಿಸಿದ್ದು ಸ = 0.2067. ಚಾರ್ಜಿನ ವರ್ಗವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದ್ದು ಕ. ಇದು ಇನ್ನೂ ಗೊತ್ತಿಲ್ಲ. ಒಳಗಿನದನ್ನು ಹೊರಗಿನ ರೈಸ್ನರ್–ನಾರ್ಡ್‌ಸ್ಟ್ರೋಮ್ ದೇಶಕಾಲಕ್ಕೆ (ಚಾರ್ಜ್ ಇರುವ ಗೋಳದ ಹೊರಗಿನ ದೇಶಕಾಲಕ್ಕೆ) ಮೇಲ್ಮೈಯಲ್ಲಿ ಬೆಸುಗೆ ಹಾಕಿದಾಗ ಸಿಗುವುದು ಕೆಳಗಿದೆ. ಅ ಎಂದರೆ ತ್ರಿಜ್ಯದ ಭಾಗದ ಘಾತಾಂಕ ಮೇಲ್ಮೈಯಲ್ಲಿ ಎಷ್ಟು ಎಂಬುದು, ಬ ಎಂದರೆ ಕಾಲದ ಭಾಗದ ಘಾತಾಂಕ ಕೇಂದ್ರದಿಂದ ಮೇಲ್ಮೈಗೆ ಎಷ್ಟು ಏರಿತು ಎಂಬುದು:

ಫ = 1 − 2ಸ + ಕ
ಅ = −(ಫ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್)
ಬ = (ಸ − ಕ) ÷ ಫ

ಒಳಗಿನ ಕ್ಷೇತ್ರ ಮೇಲ್ಮೈಗೆ ಬಂದಾಗ ಅದೇ ಚಾರ್ಜನ್ನು ತೋರಿಸಬೇಕು. ಆ ಷರತ್ತು:

ಕ = ½ [1 − ಫ (1 + ಅ + ಬ(ಅ − ಬ))]

ಕ = 0.01 ಎಂದು ಊಹಿಸಿ ಬಲಬದಿಗೆ ಹಾಕಿದರೆ 0.0293 ಬರುತ್ತದೆ. ಹೆಚ್ಚುಕಡಿಮೆ ಮೂರು ಪಟ್ಟು! ಒಳಗೊಂದು ಚಾರ್ಜ್, ಹೊರಗೊಂದು ಚಾರ್ಜ್. ಬಂದದ್ದನ್ನೇ ಮತ್ತೆ ಹಾಕಿ: 0.0254, ಆಮೇಲೆ 0.0261, ಆಮೇಲೆ 0.0260. ಅಲ್ಲಿಗೆ ನಿಂತಿತು. ಚಾರ್ಜ್ 1.61 ಕಿ.ಮೀ., ಅಂದರೆ ಸುಮಾರು 1.87 × 10²⁰ ಕೂಲಂಬ್. ಈ ತೂಕ, ಈ ತ್ರಿಜ್ಯಕ್ಕೆ ಬೇರೆ ಚಾರ್ಜೇ ಬೇಕೆಂದರೆ ತ್ರಿಜ್ಯದ ದಿಕ್ಕಿನ ಒತ್ತಡ, ಅಡ್ಡ ದಿಕ್ಕಿನ ಒತ್ತಡ ಬೇರೆ ಬೇರೆ ಎಂದು ಒಪ್ಪಿಕೊಳ್ಳಬೇಕು. ಎಷ್ಟೋ ಮಾದರಿಗಳು ಮಾಡುವುದು ಅದನ್ನೇ. ಮಾಡಲಿ, ಆದರೆ ಮಾಡಿದ್ದನ್ನು ಹೇಳಬೇಕು.

ಈಗ ಅ = 0.490, ಬ = 0.295. ಕೇಂದ್ರದ ಸಾಂದ್ರತೆ 3ಅ ಮೇಲೆ, ಕೇಂದ್ರದ ಒತ್ತಡ 2ಬ − ಅ ಮೇಲೆ ನಿಂತಿದೆ. ಹಾಗಾಗಿ ಬ ಯಾವಾಗಲೂ ಅ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಕೇಂದ್ರದಲ್ಲೇ ಒತ್ತಡ ಋಣ. ನಮ್ಮ ನಕ್ಷತ್ರದ ಕೇಂದ್ರದಲ್ಲಿ ಘನ ಸೆಂಟಿಮೀಟರಿಗೆ 7.9 × 10¹⁴ ಗ್ರಾಂ, ಮೇಲ್ಮೈಯಲ್ಲಿ 5.2 × 10¹⁴ ಗ್ರಾಂ. ಮೇಲ್ಮೈಯಲ್ಲಿ ಒತ್ತಡ ಸೊನ್ನೆಯಾದರೂ ಸಾಂದ್ರತೆ ಪರಮಾಣು ಬೀಜದ ಸಾಂದ್ರತೆಯ ಸುಮಾರು ಎರಡರಷ್ಟಿದೆ. ಇದು ತೆಳು ಹೊರಪದರ ಇರುವ ನ್ಯೂಟ್ರಾನ್ ನಕ್ಷತ್ರಕ್ಕಿಂತ ಕ್ವಾರ್ಕ್ ನಕ್ಷತ್ರಕ್ಕೆ (ನ್ಯೂಟ್ರಾನ್‌ಗಳೂ ಒಡೆದು ಬರೀ ಕ್ವಾರ್ಕ್‌ಗಳಾದ ನಕ್ಷತ್ರಕ್ಕೆ) ಹತ್ತಿರದ ಚಿತ್ರ. ಕೇಂದ್ರದಲ್ಲಿ ಶಬ್ದವೇಗದ ವರ್ಗ ಬೆಳಕಿನ ವೇಗದ ವರ್ಗದ 0.22ರಷ್ಟು, ಆದ್ದರಿಂದ ಅಲ್ಲಿ ಕಾರ್ಯಕಾರಣಕ್ಕೆ (ಯಾವ ಸುದ್ದಿಯೂ ಬೆಳಕನ್ನು ಮೀರಿ ಓಡಬಾರದು ಎಂಬ ನಿಯಮಕ್ಕೆ) ಧಕ್ಕೆಯಿಲ್ಲ.

ತೀರಾ ಸಾಮಾನ್ಯವಾದ ಇನ್ನೊಂದು ತಪ್ಪು: ದ್ರವ್ಯರಾಶಿಯನ್ನು ಸೂತ್ರದ ತ್ರಿಜ್ಯದ ಭಾಗದಿಂದ ಹೊರತೆಗೆಯುವಾಗ ಫ ಎಂದರೆ 1 − 2ಸ ಎಂದಷ್ಟೇ ಬರೆದು ಕ ಬಿಟ್ಟುಬಿಡುವುದು. ಇಲ್ಲಿ ಹಾಗೆ ಮಾಡಿದರೆ 1.4 ಸೂರ್ಯ ಇರಬೇಕಾದ ಕಡೆ 1.31 ಬರುತ್ತದೆ. ಕಳೆದುಹೋದ 0.09 ಸೂರ್ಯ ಹೊರಗಿನ ವಿದ್ಯುತ್ ಕ್ಷೇತ್ರದ ಶಕ್ತಿ. ಮಿತಿಯ ಪರೀಕ್ಷೆಯಲ್ಲೂ ಇದೇ ಎಚ್ಚರ ಬೇಕು: ಸ್ಥಿರವಾಗಿ ನಿಲ್ಲುವ ನಕ್ಷತ್ರದಲ್ಲಿ 2ಸ ದಾಟಬಾರದ ಮಿತಿ ಎಂದು ಬುಖ್‌ಡಾಲ್ 1959ರಲ್ಲಿ ಕೊಟ್ಟ 8/9 ಚಾರ್ಜ್ ಇಲ್ಲದ ಗೋಳಕ್ಕೆ. ಚಾರ್ಜ್ ಇದ್ದಾಗ ಆಂಡ್ರೆಯಾಸನ್ ಅವರ 2009ರ ಮಿತಿ ಹಾಕಬೇಕು. ನಮ್ಮ ಕ ಬೆಲೆಗೆ 2ಸ 0.92ರ ಒಳಗಿರಬೇಕು. ನಮ್ಮದು 0.41.

ಕೋಡ್ ಬರೆದಿದ್ದರೆ ಗುರುತ್ವ, ಒತ್ತಡದ ಇಳಿಜಾರು, ವಿದ್ಯುತ್ ವಿಕರ್ಷಣೆ ಈ ಮೂರು ಬಲಗಳನ್ನು ಪ್ರತಿ ಬಿಂದುವಿನಲ್ಲೂ ಕೂಡಿಸಿ ನೋಡಿ. ಸೊನ್ನೆ ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಅಥವಾ ಐನ್‌ಸ್ಟೈನ್ ಸಮೀಕರಣದ 8π ಗುಣಕ ಒಂದು ಕಡೆ ಬಿಟ್ಟುಹೋಗಿದೆ.

ಇಷ್ಟೆಲ್ಲ ಚಾರ್ಜ್ ಎಂದರೂ ಸುಮಾರು 10¹⁸ ನ್ಯೂಕ್ಲಿಯಾನ್‌ಗಳಿಗೆ (ಪ್ರೋಟಾನ್, ನ್ಯೂಟ್ರಾನ್‌ಗಳಿಗೆ) ಒಂದು ಹೆಚ್ಚುವರಿ ಚಾರ್ಜ್ ಅಷ್ಟೇ. ಅಷ್ಟಕ್ಕೇ ಮೇಲ್ಮೈಯಲ್ಲಿ ಮೀಟರಿಗೆ 1.7 × 10²² ವೋಲ್ಟ್. ನಿರ್ವಾತದಲ್ಲೇ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳು ಹುಟ್ಟತೊಡಗುವ ಶ್ವಿಂಗರ್ ಮಿತಿ 1.3 × 10¹⁸. ಅದರ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು. ಅಂಥ ಮೇಲ್ಮೈಯ ಹೊರಗೆ ಹುಟ್ಟುವ ಜೋಡಿಗಳಲ್ಲಿ ವಿರುದ್ಧ ಚಾರ್ಜಿನ ಕಣ ಒಳಕ್ಕೆ ಬೀಳುತ್ತದೆ, ಇನ್ನೊಂದು ಹೊರಕ್ಕೆ ಹಾರುತ್ತದೆ, ನಕ್ಷತ್ರದ ಚಾರ್ಜ್ ಸೋರುತ್ತಾ ಹೋಗುತ್ತದೆ. ಸ್ಥಿರ ಗೋಳದ ಸಮೀಕರಣಗಳಲ್ಲಿ ಆ ಸೋರಿಕೆಗೆ ಜಾಗವೇ ಇಲ್ಲ.