ಶಿಡ್ಲಘಟ್ಟದ ದಾರ, ಮಿಷಿಗನ್ನಿನ ಮೊಟ್ಟೆ

ಈ ಸಲ ರಜೆಗೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಚಾಕಲೇಟಿನ ಜೊತೆ ಗಾಳ ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸ್, ನಾಲ್ಕು ಬಣ್ಣದ ನೂಲು, ಒಂದು ಡಬ್ಬಿ ಗಾಳ ಹಾಕಿಕೊಂಡು ಬಂದೆ. ಶಿಡ್ಲಘಟ್ಟದ ಮನೆಯ ಜಗಲಿಯಲ್ಲಿ ಅವನ್ನೆಲ್ಲ ಹರಡಿಕೊಂಡು ಕೂತೆ. ಪಕ್ಕದಲ್ಲಿ ಅಮ್ಮ ಕನಕಾಂಬರ ಕಟ್ಟುತ್ತಿದ್ದಳು.

"ನೀನೇನು ಕಟ್ತಿದೀಯ?"

"ಮೊಟ್ಟೆ."

"ಮೊಟ್ಟೆ ಇಡೋದು ಗೊತ್ತು, ಕಟ್ಟೋದು ಇವತ್ತೇ ಕೇಳಿದ್ದು" ಅಂದಳು.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಒಂದೂಕಾಲು ಗಂಟೆ ಕಾರು ಓಡಿಸಿದರೆ ಬಾಲ್ಡ್‌ವಿನ್ ಎಂಬ ಸಣ್ಣ ಊರು, ಅದರ ಪಕ್ಕದಲ್ಲೇ ಪಿಯರ್ ಮಾರ್ಕೆಟ್ ನದಿ. ಮಿಷಿಗನ್ ಸರೋವರದಲ್ಲಿ ಏಲ್‌ವೈಫ್ ಎಂಬ ಚಿಕ್ಕ ಮೀನು ಮಿತಿಮೀರಿ ಹೆಚ್ಚಿದಾಗ, ಅದನ್ನು ತಿನ್ನಲಿ ಅಂತ ಪೆಸಿಫಿಕ್ ಕಡೆಯ ಸಾಲ್ಮನ್ ತಂದು ಬಿಟ್ಟರು. 1966ರಲ್ಲಿ ಕೋಹೊ, ಮರುವರ್ಷ ಚಿನೂಕ್. ಸರೋವರದಲ್ಲಿ ಕೆಲವು ವರ್ಷ ತಿಂದು ಬೆಳೆದ ಚಿನೂಕ್, ಸೆಪ್ಟೆಂಬರ್ ಹೊತ್ತಿಗೆ ನದಿ ಹತ್ತುತ್ತದೆ. ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಗುಣಿ ಮಾಡಿ ಮೊಟ್ಟೆ ಇಡುತ್ತದೆ. ಆಮೇಲೆ ಗಂಡೂ ಹೆಣ್ಣೂ ಎರಡೂ ಸಾಯುತ್ತವೆ. ನದಿಗೆ ಬಂದ ಮೇಲೆ ಅವು ಏನನ್ನೂ ತಿನ್ನುವುದಿಲ್ಲ.

ತಿನ್ನುವವರು ಹಿಂದೆ ನಿಂತಿರುತ್ತಾರೆ. ಗುಣಿಯಿಂದ ಜಾರಿ ನೀರಿನಲ್ಲಿ ತೇಲಿಬರುವ ಮೊಟ್ಟೆಗಾಗಿ ಸ್ಟೀಲ್‌ಹೆಡ್, ಬ್ರೌನ್ ಟ್ರೌಟ್‌ಗಳು ಮದುವೆ ಮನೆಯ ಹಿತ್ತಿಲಲ್ಲಿ ಎಂಜಲೆಲೆಗೆ ಕಾಯುವ ನಾಯಿಗಳ ಹಾಗೆ ಸಾಲಾಗಿ ಕಾದಿರುತ್ತವೆ. ಈ ಬ್ರೌನ್ ಟ್ರೌಟ್ ಕೂಡ ಅಲ್ಲಿಯದಲ್ಲ. ಜರ್ಮನಿಯಿಂದ ಮೊಟ್ಟೆಯಾಗಿ ಹಡಗು ಹತ್ತಿ ಬಂದಿದ್ದು, ಮರಿಯಾದ ಮೇಲೆ 1884ರಲ್ಲಿ ಇದೇ ನದಿಯ ಉಪನದಿಯೊಂದಕ್ಕೆ ಬಿಟ್ಟಿದ್ದು. ನಾವೆಲ್ಲ ವಲಸೆಯವರೇ ಬಿಡಿ.

ಎಂ-37 ಹೆದ್ದಾರಿಯ ಸೇತುವೆಯಿಂದ ಕೆಳಗೆ ಕೆಲವು ಮೈಲಿ ಬರೀ ಫ್ಲೈ (ಗಾಳಕ್ಕೆ ನೂಲು, ಗರಿ ಕಟ್ಟಿ ಮಾಡಿದ ಹುಸಿ ಎರೆ) ಬಳಸಿ ಹಿಡಿಯಬೇಕು, ಹಿಡಿದದ್ದನ್ನು ಬಿಟ್ಟುಬಿಡಬೇಕು. ಎರೆಹುಳುವಿಲ್ಲ, ಹಿಟ್ಟಿನುಂಡೆಯಿಲ್ಲ. ಆದ್ದರಿಂದ ನೂಲಿನಲ್ಲೇ ಮೊಟ್ಟೆ ಕಟ್ಟುತ್ತೇವೆ.

ನೋಡೋಕೆ ಮಕ್ಕಳಾಟ. ಕುಳ್ಳಗಿನ, ಬಾಯಗಲದ ಗಾಳವನ್ನು ವೈಸ್‌ಗೆ ಕಚ್ಚಿಸಿ, ಮೇಲೆ ನೂಲಿನ ಎಳೆಗಳ ಒಂದು ಕಟ್ಟು ಇಟ್ಟು, ದಾರವನ್ನು ಮೂರು ಸುತ್ತು ಸುತ್ತಿ ಕೆಳಕ್ಕೆ ಜಗ್ಗಬೇಕು. ಸರಿಯಾಗಿ ಜಗ್ಗಿದರೆ ನೂಲು ಎರಡೂ ಕಡೆ ಬಿರಿಯುತ್ತದೆ. ಮುಂದೆ ಗಂಟು ಹಾಕಿ, ಅಷ್ಟೂ ನೂಲನ್ನು ಮೇಲಕ್ಕೆ ಒಟ್ಟಿಗೆ ಎಳೆದು ಹಿಡಿದು, ಹರಿತವಾದ ಕತ್ತರಿಯಲ್ಲಿ ಕಚಕ್ಕನೆ ಒಂದೇ ಸಲ ಕತ್ತರಿಸಬೇಕು. ಕೈ ಬಿಟ್ಟ ಕೂಡಲೇ ನೂಲು ಹಿಂದಕ್ಕೆ ಪುಟಿದು ದುಂಡಗೆ ಕೂರುತ್ತದೆ. ಆ ಒಂದು ಕ್ಷಣಕ್ಕೆ ನಾನು ರಾತ್ರಿ ಹನ್ನೊಂದರವರೆಗೂ ಕೂತಿದ್ದೇನೆ. ಡೊಂಕಾಯಿತು ಅಂತ ಎರಡನೇ ಸಲ ಕತ್ತರಿ ಆಡಿಸಿದಿರೋ, ಕೆಟ್ಟಿತು. ಊರಿನ ಕಟಿಂಗ್ ಶಾಪಿನಲ್ಲಿ ಚಿಕ್ಕಂದಿನಲ್ಲಿ ನನ್ನ ತಲೆಗೆ ಆಗುತ್ತಿದ್ದುದೇ ಅದಕ್ಕೂ ಆಗುತ್ತದೆ. ಮೊದಲ ವರ್ಷ ನಾನು ಕಟ್ಟಿದ್ದೆಲ್ಲ ಚೆಂಡುಹೂವಿನ ಗಾತ್ರ. ನಿಜವಾದ ಟ್ರೌಟ್ ಮೊಟ್ಟೆ ನಾಲ್ಕೈದು ಮಿಲಿಮೀಟರ್, ಚಿನೂಕಿನದು ಅದಕ್ಕಿಂತ ಸ್ವಲ್ಪ ದಪ್ಪ. ಮೀನು ಒಂದೂ ತಿರುಗಿ ನೋಡಲಿಲ್ಲ.

ಹಳೇ ಮೊಟ್ಟೆ ಬಿಳಿಚಿಕೊಳ್ಳುತ್ತದೆ, ಅದಕ್ಕೆ ತಿಳಿ ಬಣ್ಣ. ಹೊಸದಕ್ಕೆ ಕಿತ್ತಳೆ, ನಡುವೆ ಒಂದು ಕೆಂಪು ಚುಕ್ಕೆ. ಸೀಸದ ಗುಂಡು, ಬೆಂಡು ಕಟ್ಟಿ, ನೀರಿನ ವೇಗದಲ್ಲೇ ತಳ ಸವರಿಕೊಂಡು ಹೋಗುವಂತೆ ಬಿಡಬೇಕು. ಗುಣಿಯ ಮೇಲೆ ಮಾತ್ರ ಕಾಲಿಡಬಾರದು, ಒಳಗಿನ ಮೊಟ್ಟೆ ಒಡೆಯುತ್ತದೆ.

ಜಗಲಿಯಲ್ಲಿ ಆ ದಿನ ಸುತ್ತಿದ ದಾರವೆಲ್ಲ ಪಟ್ ಪಟ್ ಅಂತ ತುಂಡಾಗುತ್ತಿತ್ತು. ಅಷ್ಟರಲ್ಲಿ ಮಾವ ಬಂದರು. ಅವರದು ನಲವತ್ತು ವರ್ಷದ ನೂಲು ಬಿಚ್ಚಾಣಿಕೆ; ಬಿಸಿನೀರಿನಲ್ಲಿ ಗೂಡಿನ ಎಳೆ ಹಿಡಿದೂ ಹಿಡಿದೂ ಬೆರಳ ತುದಿ ನುಣ್ಣಗಾಗಿದೆ. ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಸವರಿದರು.

"ಇಲ್ಲಿ ಎಳೆ ಕಿತ್ತದೆ ನೋಡು. ಸುತ್ತುವಾಗ ನಿನ್ನ ಗಾಳದ ಮೊನೆ ತಾಕ್ತಾ ಅದೆ. ದಾರದ್ದೇನೂ ತಪ್ಪಿಲ್ಲ."

ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಗಾಳವನ್ನು ಸ್ವಲ್ಪ ಓರೆ ಮಾಡಿ ಕಚ್ಚಿಸಿದೆ. ನಿಂತಿತು.

ಮಾವ ದಾರದ ರೀಲನ್ನು ತಿರುಗಿಸಿ ನೋಡಿದರು. 140 ಡೀನಿಯರ್ ಅಂತಿತ್ತು. ಇಂಗ್ಲಿಷ್ ಬಾರದ ಮಾವ ಆ ಒಂದು ಪದವನ್ನು ಓದಿಬಿಟ್ಟರು! ಒಂಬತ್ತು ಸಾವಿರ ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ರೇಷ್ಮೆಯವರ ಲೆಕ್ಕ ಅದು.

"ನಮ್ಮದು ಇಪ್ಪತ್ತು. ಏಳೆಳೆ ಸೇರಿಸಿದ್ರೆ ಇದೇ ಆಯ್ತಲ್ಲ" ಅಂದವರು ಸಂಜೆ ಏಳೆಳೆ ಹುರಿ ಮಾಡಿಸಿಕೊಂಡೇ ಬಂದರು. ಹಳದಿ ಗೂಡಿನ ಬಣ್ಣ ಇನ್ನೂ ಅಂಟಿಕೊಂಡಿದ್ದ ದಾರ. ಮೂರು ಸುತ್ತು ಹಾಕಿ ಜಗ್ಗಿದೆ. ತುಂಡಾಯಿತು. ಮತ್ತೆ ಜಗ್ಗಿದೆ, ಮತ್ತೆ ತುಂಡು. ನನ್ನ ರೀಲಿನದು ನೈಲಾನ್, ಅದರ ಗಟ್ಟಿತನ ಬೇರೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅಮ್ಮ ತಲೆಯೆತ್ತದೆ ಹೂ ಕಟ್ಟುತ್ತಲೇ ಇದ್ದಳು.

ಮಾವ ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. "ಹದಿನಾಲ್ಕು ಹಾಕಿಸ್ತೀನಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಹದಿನಾಲ್ಕೆಳೆಯಲ್ಲಿ ಕಟ್ಟಿದ ಮೊಟ್ಟೆ ಎರಡು ನನ್ನ ಡಬ್ಬಿಯಲ್ಲಿವೆ. ಗಂಟು ಸ್ವಲ್ಪ ದಪ್ಪ. ಚಿನೂಕ್ ನದಿ ಹತ್ತೋಕೆ ಇನ್ನು ಮೂರು ವಾರ. ಮಾವ ಆಗಲೇ ಎರಡು ಸಲ ಫೋನ್ ಮಾಡಿ ಕೇಳಿಯಾಯಿತು.