ಸಿಎಸ್ ಸಿಗಲಿಲ್ಲ ಅಂತ ಅಡಿಕೆ ದುಡ್ಡು ಸುರಿಯುವ ಮೊದಲು

ಸಿಇಟಿ ರ‍್ಯಾಂಕ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ನೆಂಟರು, ನೆಂಟರ ನೆಂಟರು, ಅಪ್ಪನಿಗೆ ಎಪಿಎಂಸಿಯಲ್ಲಿ ಪರಿಚಯ ಆದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಇಂಜಿನಿಯರಿಂಗ್‌ನಲ್ಲಿ ಯಾವ ಬ್ರಾಂಚ್ ತಗೊಂಡ್ರೆ ಜಾಸ್ತಿ ಸಂಬಳ?" ದಾವಣಗೆರೆಯಲ್ಲೇ ಎಲೆಕ್ಟ್ರಿಕಲ್ ಓದಿ ಈಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದೇನೆ, ಹಾಗಾಗಿ ಇವರೆಲ್ಲರ ಪಾಲಿಗೆ ನಾನೇ ಕೌನ್ಸೆಲರ್. ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಒಂದೇ ಸಲ ಬರೆದು ಲಿಂಕ್ ಕಳಿಸೋಣ ಅಂತ ಕೂತೆ.

ಮೊದಲು ಸಂಬಳದ ಮಾತೇ ಆಗಲಿ. ದೊಡ್ಡ ಸರ್ವಿಸ್ ಕಂಪನಿಗಳು, ಅಂದರೆ ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವು, ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚೂಕಡಿಮೆ ಅಷ್ಟೇ ಇತ್ತು, ರೂಂ ಬಾಡಿಗೆ ಮಾತ್ರ ಎಲ್ಲಿಗೋ ಹೋಗಿದೆ. ಅದರಲ್ಲೂ ಆಫರ್ ಲೆಟರ್‌ನಲ್ಲಿ ಬರೆದದ್ದು ಪೂರ್ತಿ ಕೈಗೆ ಬರುವುದಿಲ್ಲ. 3.6 ಲಕ್ಷ ಅಂತ ಇಟ್ಟುಕೊಳ್ಳಿ, ತಿಂಗಳಿಗೆ 30,000. ಬೇಸಿಕ್ 15,000 ಇದ್ದರೆ ಕಂಪನಿ ಕಟ್ಟುವ ಪಿಎಫ್ 1,800 ಅದರೊಳಗೇ ಸೇರಿದೆ. ಗ್ರಾಚ್ಯುಟಿ ಅಂತ ಸುಮಾರು 720, ಅದು ನೀವು ಅಲ್ಲಿ ವರ್ಷಗಟ್ಟಲೆ ಉಳಿದರೆ ಸಿಗುವ ದುಡ್ಡು. ಕೆಲಸ ನೋಡಿ ಕೊಡುವ ವೇರಿಯಬಲ್ ಶೇ 10 ಅಂದರೆ ಇನ್ನೊಂದು 3,000, ಕೊಟ್ಟರೆ ವರ್ಷದ ಕೊನೆಗೆ. ಇನ್ಶೂರೆನ್ಸ್ ಒಂದು 500. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ಕೊನೆಗೆ ಅಕೌಂಟಿಗೆ ಬೀಳುವುದು 22,000 ಚಿಲ್ಲರೆ. ಪಿಜಿ, ಊಟ, ಬಸ್ಸು ಕಳೆದು ಮಿಕ್ಕಿದ್ದರಲ್ಲಿ ಎಜುಕೇಶನ್ ಲೋನಿನ ಕಂತು ಕಟ್ಟಬೇಕು. ಊರಲ್ಲಿ ಮಾತ್ರ ಹುಡುಗ "ಸಾಫ್ಟ್‌ವೇರ್".

ಹಾಗಾದರೆ ಇಪ್ಪತ್ತು, ಮೂವತ್ತು ಲಕ್ಷದ ಪ್ಯಾಕೇಜ್ ಸುಳ್ಳಾ? ಸುಳ್ಳಲ್ಲ. ಆದರೆ ಅದು ಯಾರಿಗೆ, ಎಲ್ಲಿ ಅಂತ ಕೇಳಬೇಕು. ಹಾಗೆ ಕೊಡುವ, ತಮ್ಮದೇ ಸಾಫ್ಟ್‌ವೇರ್ ಮಾಡಿ ಮಾರುವ ಪ್ರಾಡಕ್ಟ್ ಕಂಪನಿಗಳು ಕ್ಯಾಂಪಸ್ಸಿಗೆ ಬರುವುದು ಬೆರಳೆಣಿಕೆಯ ಕಾಲೇಜುಗಳಿಗೆ. ಅಲ್ಲಿ ಬಹಳ ಸಲ ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಶನ್ ಸೈನ್ಸ್) ಮಾತ್ರ, ಕೆಲವೊಮ್ಮೆ ಇಸಿ (ಎಲೆಕ್ಟ್ರಾನಿಕ್ಸ್). ಅಂಥ ಕಾಲೇಜಿನಲ್ಲಿ ಸಿಎಸ್ ಸಿಗುವ ರ‍್ಯಾಂಕ್ ಇದ್ದರೆ, ಹುಡುಗನಿಗೂ ಕೋಡ್ ಬರೆಯುವುದು ಇಷ್ಟ ಇದ್ದರೆ, ಇದನ್ನೆಲ್ಲ ಓದುತ್ತಾ ಕೂರಬೇಡಿ, ಹೋಗಿ ಸೇರಿಸಿ.

ನಾನು ಬರೆಯುತ್ತಿರುವುದು ಆ ರ‍್ಯಾಂಕ್ ಇಲ್ಲದವರಿಗೆ. ನಮ್ಮ ಕಡೆಯ ಮುಕ್ಕಾಲು ಮಕ್ಕಳು ಇಲ್ಲೇ ಇರುವುದು. ಅಂಥವರು ಸಿಎಸ್ ಎಂಬ ಹೆಸರಿಗೋಸ್ಕರ ಬೆಂಗಳೂರಿನ ಯಾವುದೋ ಮೂಲೆಯ ಕಾಲೇಜಿಗೆ ಮ್ಯಾನೇಜ್‌ಮೆಂಟ್ ಸೀಟು ಅಂತ ಲಕ್ಷಗಟ್ಟಲೆ ಕಟ್ಟುತ್ತಾರೆ. ಒಂದು ವರ್ಷದ ಅಡಿಕೆ ಅಲ್ಲಿಗೇ ಹೋಯಿತು. ಮೆಕ್ಕೆಜೋಳದವರಾದರೆ ಸಾಲ. ನಾಲ್ಕು ವರ್ಷ ಆದ ಮೇಲೆ ಆ ಕ್ಯಾಂಪಸ್ಸಿಗೆ ಬರುವುದು ಅದೇ ಮೂರೂವರೆ ಲಕ್ಷದ ಕಂಪನಿಗಳು. ಮತ್ತು ಅವರ ನೋಟಿಸಿನಲ್ಲಿ ಏನಿರುತ್ತದೆ ಗೊತ್ತಾ? "ಎಲ್ಲಾ ಬ್ರಾಂಚ್. ಶೇ 60. ಬ್ಯಾಕ್‌ಲಾಗ್ ಇರಬಾರದು." ಬ್ಯಾಕ್‌ಲಾಗ್ ಅಂದರೆ ಫೇಲಾಗಿ ಉಳಿದ ಸಬ್ಜೆಕ್ಟು. ಸಿವಿಲ್‌ನವನೂ ಅದೇ ಆಪ್ಟಿಟ್ಯೂಡ್ ಟೆಸ್ಟ್ ಬರೆಯುತ್ತಾನೆ, ಮೆಕ್ಯಾನಿಕಲ್‌ನವನೂ ಬರೆಯುತ್ತಾನೆ. ಪಾಸಾದವರನ್ನು ಒಂದೇ ರೂಮಿನಲ್ಲಿ ಕೂರಿಸಿ ಜಾವಾ ಕಲಿಸುತ್ತಾರೆ.

ನನ್ನ ವಾದ ಇಷ್ಟೇ. ಆ ಕಡೆಗೆ ಬಾಗಿಲು ಎಲ್ಲರಿಗೂ ತೆರೆದಿದೆ, ಈ ಕಡೆಗೆ ಇಲ್ಲ. ಎಲೆಕ್ಟ್ರಿಕಲ್ ಓದಿದವನು ಸಾಫ್ಟ್‌ವೇರ್‌ಗೆ ಹೋಗಬಹುದು, ನನ್ನ ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋದರು. ಆದರೆ ಕೆಪಿಟಿಸಿಎಲ್ ಅಥವಾ ಬೆಸ್ಕಾಂನಲ್ಲಿ ಎಲೆಕ್ಟ್ರಿಕಲ್ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ಕರೆದಾಗ ಸಿಎಸ್ ಓದಿದವನು ಅರ್ಜಿಯನ್ನೇ ಹಾಕುವಂತಿಲ್ಲ. ಪಿಡಬ್ಲ್ಯೂಡಿಗೆ ಸಿವಿಲ್ ಬೇಕು. ಚಿಪ್ ಡಿಸೈನ್ ಕಂಪನಿಗಳು ಬೆಂಗಳೂರಿನಲ್ಲಿ ಎಷ್ಟೊಂದಿವೆ, ಅಲ್ಲಿ ಒಳ್ಳೆ ಸಂಬಳ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಇಸಿ ಓದಿದವರು. ಡಿಜಿಟಲ್ ಎಲೆಕ್ಟ್ರಾನಿಕ್ಸ್ ನೆಟ್ಟಗೆ ಓದಿರಬೇಕು, ಚಿಪ್ ಡಿಸೈನಿಗೆ ಬಳಸುವ ವೆರಿಲಾಗ್ ಭಾಷೆ ಬರೆಯಲು ಬರಬೇಕು, ಅಷ್ಟು ಕಲಿತವರು ಇನ್ನೂ ಕಡಿಮೆ. ಡಿಗ್ರಿ ಆದ ಮೇಲಿನ ಗೇಟ್ ಪರೀಕ್ಷೆ ಬರೆದು ಸರ್ಕಾರಿ ಉದ್ಯಮಗಳಿಗೆ ಹೋಗುವವರಲ್ಲೂ ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್‌ನವರದ್ದೇ ದೊಡ್ಡ ಪಾಲು.

ಸರ್ಕಾರಿ ನೇಮಕಾತಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಅದು ನಿಜ. ಅದನ್ನೇ ನಂಬಿ ಕೂರಿ ಅಂತ ನಾನು ಹೇಳುತ್ತಿಲ್ಲ. 2022-23ರ ಸುಮಾರಿಗೆ ಐಟಿ ಆಫರ್ ಹಿಡಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತವರೂ ಇದ್ದರಲ್ವಾ. ಎರಡು ಕಡೆ ಕಾಯುವ ಅವಕಾಶ ಇರುವವನಿಗೆ ಒಂದು ಕಡೆ ಮಾತ್ರ ಕಾಯುವವನಿಗಿಂತ ನಿದ್ದೆ ಚೆನ್ನಾಗಿ ಬರುತ್ತದೆ.

ಇನ್ನು ಎಐ-ಎಂಎಲ್ (ಆರ್ಟಿಫಿಶಿಯಲ್ ಇಂಟೆಲಿಜೆನ್ಸ್, ಮಷೀನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಬಂದಿವೆಯಲ್ಲ, ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ 2024-25ರ ಸಾಲಿನಿಂದ ತೆಗೆದುಹಾಕಿತು. ಆಮೇಲೆ ಕಾಲೇಜುಗಳು ಸಿಎಸ್ ಮತ್ತು ಅದರ ತಮ್ಮಂದಿರ ಸೀಟುಗಳನ್ನು ಏರಿಸುತ್ತಲೇ ಇವೆ. ಪಾಠ ಮಾಡುವವರು ಅಷ್ಟೇ ವೇಗವಾಗಿ ಹುಟ್ಟುವುದಿಲ್ಲ. ವಿಟಿಯು (ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ) ವೆಬ್‌ಸೈಟಿಗೆ ಹೋಗಿ 2022ರ ಸ್ಕೀಮಿನ, ಅಂದರೆ ಸಿಲಬಸ್ಸಿನ, ಮೂರನೇ ಸೆಮಿಸ್ಟರ್ ತೆಗೆದು ನೋಡಿ. ಸಿಎಸ್‌ಗೆ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡಿಜಿಟಲ್ ಡಿಸೈನ್. ಎಐ-ಎಂಎಲ್‌ಗೂ ಅವೇ. ಬೇರೆ ಏನಾದರೂ ಶುರುವಾಗುವುದು ಮುಂದಿನ ಸೆಮಿಸ್ಟರ್‌ಗಳಲ್ಲಿ. ಹಾಗಾಗಿ ಹೊಸ ಹೆಸರು ಕೇಳಿ ಹಿಗ್ಗುವುದೂ ಬೇಡ, ಹೆದರುವುದೂ ಬೇಡ. ಅದೂ ಸಿಎಸ್‌ನ ಇನ್ನೊಂದು ಬೋರ್ಡು.

ಸಿಲಬಸ್ ನೋಡಿ ಅಂದಿದ್ದು ಸುಮ್ನೆ ಅಲ್ಲ. ಎಲೆಕ್ಟ್ರಿಕಲ್‌ಗೆ ಅದೇ ಸೆಮಿಸ್ಟರ್‌ನಲ್ಲಿ ಸರ್ಕ್ಯೂಟ್ ಅನಾಲಿಸಿಸ್, ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರ್ ಬರುತ್ತವೆ. ಹುಡುಗಿಗೆ ಪಿಯುಸಿಯಲ್ಲಿ ಫಿಸಿಕ್ಸ್‌ನ ಕರೆಂಟ್ ಎಲೆಕ್ಟ್ರಿಸಿಟಿ ಪಾಠ ಕಂಡರೆ ಆಗುತ್ತಿರಲಿಲ್ಲ ಅಂದರೆ ಇಲ್ಲಿ ಎರಡು ವರ್ಷ ಬ್ಯಾಕ್‌ಲಾಗ್ ಎಳೆದಾಡುತ್ತಾಳೆ, ಆಮೇಲೆ ಆ ಶೇ 60 ಎಂಬ ಗೆರೆಯೇ ದಾಟುವುದಿಲ್ಲ, ಆಗ ಯಾವ ಬಾಗಿಲೂ ಇಲ್ಲ.

ನಮ್ಮ ದೊಡ್ಡಪ್ಪ ಇದನ್ನೆಲ್ಲ ಕೇಳಿ ನಗುತ್ತಾರೆ. ಅವರ ಕಾಲದಲ್ಲಿ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಕೆಲಸ ಅಂದರೆ ಜೀವನಪೂರ್ತಿ ಭದ್ರ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು, ಅಲ್ಲಿ ಕೆಲಸ ಸಿಕ್ಕವನಿಗೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದರಂತೆ. ಎರಡೂ ಹೋದವು. ಈಗ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿವೆ, ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, ಇಸ್ರೋ 2023 ಮತ್ತು 2024ರಲ್ಲಿ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗೇ ರನ್‌ವೇಯಲ್ಲಿ ಇಳಿಸಿದ್ದು ಅಲ್ಲೇ. ನಾವು ಚಿಕ್ಕವರಿದ್ದಾಗ ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲು, ಶೇಂಗಾ. ನಾಲ್ಕು ವರ್ಷದ ನಂತರ ಯಾವುದಕ್ಕೆ ಬೇಡಿಕೆ ಅಂತ ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ, ಅವರು ಕಾಲೇಜಿನ ಅಡ್ಮಿಷನ್ ವಿಭಾಗದವರಾದರೆ ಇನ್ನೂ ನಂಬುವುದಿಲ್ಲ.

ಕಾಲೇಜಿನ ವಿಷಯ. ದಾವಣಗೆರೆಯಲ್ಲಿ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಿಂದ ಇದೆ, ಈಗ ವಿಟಿಯುನದ್ದೇ ಕಾಲೇಜು. ಬಿಐಇಟಿ 1979ರದ್ದು. ಊರಲ್ಲೇ ಓದಿದರೆ ಮರ್ಯಾದೆ ಕಡಿಮೆ ಅನ್ನೋದು ವಿದ್ಯಾನಗರದ ಕಟ್ಟೆಯ ಮೇಲಿನ ಮಾತು. ಮನೆ ಊಟ ತಿಂದು, ಸಿಇಟಿ ಸೀಟಿನ ಫೀಸಲ್ಲಿ ಓದಿ, ಉಳಿದ ದುಡ್ಡಲ್ಲಿ ಒಂದು ಒಳ್ಳೆ ಲ್ಯಾಪ್‌ಟಾಪ್ ತೆಗೆದುಕೊಂಡು ಕೋಡಿಂಗ್ ಕಲಿತರೆ ಆ "ಎಲ್ಲಾ ಬ್ರಾಂಚ್" ನೋಟಿಸಿಗೆ ಇಲ್ಲಿಂದಲೂ ಅರ್ಜಿ ಹಾಕಬಹುದು. ಹತ್ತನೇ ಕ್ಲಾಸು ಈಗ ಮುಗಿಸಿದವರಿಗೆ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ, ಯಾಕೋ ಅದನ್ನು ಯಾರೂ ಕೇಳುವುದೇ ಇಲ್ಲ.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ ಪಟ್ಟಿಯನ್ನು ಆನ್‌ಲೈನಲ್ಲಿ ತುಂಬುವುದು. ನಮ್ಮಲ್ಲಿ ಇದನ್ನು ಸೈಬರ್ ಸೆಂಟರಿನವನೇ ಮಾಡುತ್ತಾನೆ. ಹೊರಗೆ ಕ್ಯೂ ಇರುತ್ತದೆ, ಅವನು ಸ್ಕ್ರೀನ್ ನೋಡುತ್ತಲೇ "ಎಲ್ಲಾ ಸಿಎಸ್ ಹಾಕ್ಲಾ ಅಣ್ಣ?" ಅನ್ನುತ್ತಾನೆ, ಅಪ್ಪ ಹೂಂ ಅನ್ನುತ್ತಾನೆ, ಹುಡುಗ ಮೊಬೈಲ್ ನೋಡುತ್ತಿರುತ್ತಾನೆ. ಹಾಗೆ ಮಾಡಬೇಡಿ. ಮನೆಯಲ್ಲೇ ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಪಟ್ಟಿ ಎಷ್ಟು ಉದ್ದ ಇದ್ದರೂ ತೊಂದರೆ ಇಲ್ಲ, ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದೇ ಮುಖ್ಯ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ಕ್ಲಾಸು ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಆಗಿದ್ದರೆ ಅದರದ್ದು ಬೇರೆ, ಆ ಸರ್ಟಿಫಿಕೇಟುಗಳಿಗೆ ಮೊದಲೇ ಓಡಾಡಿ. ಸೀಟು ಸಿಕ್ಕ ಮೇಲೆ ಚಾಯ್ಸ್ 2 (ಈ ಸೀಟು ಇರಲಿ, ಇನ್ನೂ ಮೇಲಿನದ್ದಕ್ಕೆ ನೋಡುತ್ತೇನೆ) ಅಂತ ಕೊಟ್ಟರೆ ಸಿಕ್ಕ ಸೀಟಿಗಿಂತ ಮೇಲೆ ಬರೆದದ್ದಕ್ಕೆ ಮಾತ್ರ ಮುಂದಿನ ಸುತ್ತಿನಲ್ಲಿ ಪರಿಗಣಿಸುತ್ತಾರೆ, ಮೇಲಿನದ್ದು ಸಿಕ್ಕರೆ ಹಳೆಯದು ತಾನಾಗೇ ಹೋಗುತ್ತದೆ, ಹಾಗಾಗಿ ಬೇಡದ ಕಾಲೇಜನ್ನು ಸುಮ್ನೆ ಮೇಲೆ ಬಿಟ್ಟಿರಬೇಡಿ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆ ಮಾಡುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ಬದಲಿಸಲು ಸಮಯ ಕೊಡುತ್ತಾರೆ. ಇದಕ್ಕೆಲ್ಲ ಓಟಿಪಿ ಬರುವ ನಂಬರ್ ಮನೆಯವರದ್ದೇ ಇರಲಿ, ಸೈಬರ್‌ನವನದ್ದು ಬೇಡ.