ಗುಜರಿಯಿಂದ ಹಳೇ ಪಿಕಪ್‌ಗೆ ಹಿಂದಿನ ಆಕ್ಸಲ್ ತರುವಾಗ

ಹಿಂದಿನ ಆಕ್ಸಲ್ ಕಳಚೋಕೆ ಅರ್ಧ ದಿನ ಬೇಕು, ಅದು ತಗೊಳ್ಳೋಕೆ ಯೋಗ್ಯವೋ ಅಲ್ಲವೋ ನೋಡೋಕೆ ಅರ್ಧ ಗಂಟೆ ಸಾಕು. ಆದರೂ ಹೆಚ್ಚಿನವರು ಗಾಡಿ ಸಿಕ್ಕ ತಕ್ಷಣ ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗುತ್ತಾರೆ. ಮೊದಲು ಟೇಪು, ಟಾರ್ಚು, ಒಂದು ಚಾಕ್‌ಪೀಸು ಕೈಯಲ್ಲಿರಲಿ.

ಗಾಡಿಯನ್ನು ಹಿಂದಿನಿಂದ ನೋಡಿ. ಪೆಟ್ಟು ಹಿಂದಿನ ಚಕ್ರಕ್ಕೇ ಬಿದ್ದಿದ್ದರೆ ಆ ಆಕ್ಸಲ್ ಬೇಡ. ಹೌಸಿಂಗ್‌ನ (ಆಕ್ಸಲ್‌ನ ಹೊರಕವಚದ) ಟ್ಯೂಬ್ ಒಂದೆರಡು ಮಿಲಿಮೀಟರ್ ಬಾಗಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಟೈರು ಒಂದೇ ಅಂಚಿನಲ್ಲಿ ಸವೆದು ಅದನ್ನು ಹೇಳಿಬಿಡುತ್ತದೆ. ಮುಂದಿನ ಭಾಗ ನಜ್ಜುಗುಜ್ಜಾಗಿ ಹಿಂಭಾಗ ನೆಟ್ಟಗಿರುವ ಗಾಡಿ ಸಿಕ್ಕರೆ ಅದೇ ಸರಿಯಾದ ಗಿರಾಕಿ.

ಇನ್ನು ಅಳತೆ. ಅಗಲವನ್ನು ಟೈರಿನಿಂದ ಟೈರಿಗೆ ಅಳೆಯಬೇಡಿ. ಚಕ್ರ ಕೂರುವ ಮುಖದಿಂದ ಆ ಕಡೆಯ ಮುಖಕ್ಕೆ ಅಳೆಯಿರಿ. ನಿಮ್ಮ ಗಾಡಿಗಿಂತ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಟೈರು ಬಾಡಿಗೋ ಸ್ಪ್ರಿಂಗ್‌ಗೋ ಉಜ್ಜಬಹುದು. ಆಮೇಲೆ ಪ್ಲೇಟ್ ಸ್ಪ್ರಿಂಗ್ ಕೂರುವ ಎರಡು ಸೀಟುಗಳ ನಡುವಿನ ಅಂತರ, ಸೀಟಿನ ಅಗಲ, ಸೆಂಟರ್ ಬೋಲ್ಟಿನ ತೂತು, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ. ಐದು ಬೋಲ್ಟಿನ 114.3 ಮಿ.ಮೀ. ವೃತ್ತಕ್ಕೂ ಐದೇ ಬೋಲ್ಟಿನ 139.7ಕ್ಕೂ ಸಂಬಂಧವಿಲ್ಲ. ಕಣ್ಣಂದಾಜಿನಲ್ಲಿ ‘ಐದು ಬೋಲ್ಟ್ ಇದೆ, ಸರಿ’ ಅಂತ ಹೊತ್ತುಕೊಂಡು ಬಂದರೆ ಚಕ್ರ ಕೂರುವುದಿಲ್ಲ.

ಒಂದೇ ಕಂಪನಿ, ಒಂದೇ ಹೆಸರಿನ ಆಕ್ಸಲ್ ಅಂದಮಾತ್ರಕ್ಕೆ ನೇರ ಕೂರುತ್ತದೆ ಅನ್ನುವ ಹಾಗೂ ಇಲ್ಲ. 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ (ಇದು ಒಳಗಿನ ದೊಡ್ಡ ಗೇರಿನ ವ್ಯಾಸ) ಆಕ್ಸಲ್ ಫೋರ್ಡ್‌ನದೇ ಹಳೇ ರೇಂಜರ್ ಪಿಕಪ್ ಇಟ್ಟುಕೊಂಡವರಿಗೆಲ್ಲ ಅಚ್ಚುಮೆಚ್ಚು. ಅದರಲ್ಲಿ ಡಿಸ್ಕ್ ಬ್ರೇಕ್ ಇದೆ, ಶಾಫ್ಟ್‌ಗೆ 31 ಸ್ಪ್ಲೈನ್ (ತುದಿಯ ಹಲ್ಲುಗಳು) ಇದೆ. ಆದರೆ ಎಕ್ಸ್‌ಪ್ಲೋರರ್‌ನಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗೆ, ರೇಂಜರ್‌ನಲ್ಲಿ ಮೇಲೆ. ಹಾಗಾಗಿ ಹಳೇ ಸೀಟು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಲೇಬೇಕು. ವೆಲ್ಡಿಂಗ್‌ನಲ್ಲಿ ಅವಸರಪಟ್ಟರೆ ಟ್ಯೂಬ್ ಬಿಸಿಗೆ ಬಾಗುತ್ತದೆ. ಗಾಡಿ ತನ್ನ ಕಾಲ ಮೇಲೆ ನಿಂತಿರುವಾಗ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಸಣ್ಣ ಗೇರ್) ಕೋನ ಹೊಂದಿಸಿ ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಹಾಕಿ, ಆಮೇಲೆ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ, ನಡುವೆ ಆರಲು ಬಿಟ್ಟು, ಪೂರ್ತಿ ಮಾಡಬೇಕು.

ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬರಬೇಕು ಅನ್ನುವುದು, ತಿಳಿಯಲು ಕೆಲವು ಆಕ್ಸಲ್‌ಗಳಲ್ಲಿ ಕವರ್ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿ ಇರುತ್ತದೆ. ಫೋರ್ಡ್‌ನದರಲ್ಲಿ 3L73 ಅಂತಿದ್ದರೆ 3.73 ರೇಶಿಯೋ, ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ವ್ಯವಸ್ಥೆ) ಎಂದರ್ಥ. ಚೀಟಿ ಇಲ್ಲದಿದ್ದರೆ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಪ್ರೊಪೆಲ್ಲರ್ ಶಾಫ್ಟ್‌ಗೆ ಚಾಕ್‌ಪೀಸಿನ ಗುರುತು ಹಾಕಿ. ಒಬ್ಬರು ಒಂದು ಚಕ್ರ ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಲಿ. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಮೂರು ಮುಕ್ಕಾಲಿಗೆ ಚೂರು ಕಮ್ಮಿ ಬಂದರೆ 3.73, ನಾಲ್ಕು ದಾಟಿ ಚೂರು ಬಂದರೆ 4.10. ಲಿಮಿಟೆಡ್ ಸ್ಲಿಪ್ ಆದರೆ ಎರಡೂ ಚಕ್ರ ಒಂದೇ ಕಡೆ ತಿರುಗುತ್ತವೆ, ಆಗ ಒಂದೇ ಸುತ್ತು ಸಾಕು. ಕವರ್ ತೆಗೆದ ಮೇಲೆ ಹಲ್ಲುಗಳನ್ನೂ ಎಣಿಸಬಹುದು: ದೊಡ್ಡ ಗೇರಾದ ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 11 ಅಂದರೆ 3.73. ಗಾಡಿ ಫೋರ್ ವೀಲ್ ಡ್ರೈವ್ ಆಗಿದ್ದರೆ ಇಲ್ಲಿ ರಾಜಿ ಇಲ್ಲ. ಮುಂದಿನ ಆಕ್ಸಲ್‌ನ ರೇಶಿಯೋಗೆ ಇದು ಹೊಂದದಿದ್ದರೆ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್ ಒಂದಕ್ಕೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಟೂ ವೀಲ್ ಆದರೆ ಸ್ಪೀಡೋಮೀಟರ್ ಮಾತ್ರ ತಪ್ಪಬಹುದು. ಅದರ ಕೇಬಲ್ ಗೇರ್‌ಬಾಕ್ಸಿನಿಂದ ಬರುವಂಥದ್ದಾದರೆ, 3.73 ತೆಗೆದು 4.10 ಹಾಕಿದಾಗ ಸುಮಾರು ಶೇ. 10ರಷ್ಟು ಹೆಚ್ಚು ತೋರಿಸುತ್ತದೆ.

ಈಗ ಒಳಗೆ. ಎಣ್ಣೆ ಹಾಕುವ ಮೇಲಿನ ಪ್ಲಗ್ ಬಿಚ್ಚುತ್ತದೋ ಇಲ್ಲವೋ ಮೊದಲು ನೋಡಿ. ಕೆಳಗಿನಿಂದ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಏನು ಪ್ರಯೋಜನ? ಬೆರಳು ಅದ್ದಿ ಎಣ್ಣೆ ನೋಡಿ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ನೀರು ಹೋಗಿದೆ, ಬೇರಿಂಗ್‌ಗಳು ತುಕ್ಕು ಹಿಡಿದಿರುತ್ತವೆ. ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ಮಡ್ಡಿ ಇದ್ದರೆ ಹೆದರಬೇಡಿ, ಅದು ವರ್ಷಗಳ ಸವೆತ. ಬೆರಳಿಗೆ ಲೋಹದ ಚೂರು ಚುಚ್ಚಿದರೆ ಮಾತ್ರ ಬಿಟ್ಟು ನಡೆಯಿರಿ.

ಪಿನಿಯನ್‌ನ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಒಂದಿಷ್ಟೂ ಪ್ಲೇ ಇರಬಾರದು, ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ. ತಿರುಗಿಸಿದಾಗ ಚೂರು ಸಡಿಲ ಇರುವುದು ಬೇರೆ ವಿಷಯ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಸಡಿಲ ಬೇಕೇ ಬೇಕು, ಡಿಫರೆನ್ಷಿಯಲ್ ಗೇರುಗಳದ್ದು ಅದರ ಮೇಲೆ ಸೇರುತ್ತದೆ. ಕ್ರೌನ್ ಹಲ್ಲುಗಳ ಮೇಲೆ ಟಾರ್ಚ್ ಬಿಟ್ಟು ಪೂರ್ತಿ ಒಂದು ಸುತ್ತು ನೋಡಿ. ಹೊಳಪು ಇರಲಿ, ತೂತುತೂತಾಗಿ ಎದ್ದಿರಬಾರದು.

ಎಲ್ಲರೂ ಮರೆಯುವ ಜಾಗ ಇನ್ನೊಂದಿದೆ: ಆಕ್ಸಲ್ ಶಾಫ್ಟಿನ ಮೇಲೆ ಬೇರಿಂಗ್ ಓಡುವ ಪಟ್ಟಿ. ಸಿ-ಕ್ಲಿಪ್ (ಶಾಫ್ಟನ್ನು ಒಳಗೆ ಹಿಡಿದಿಡುವ ಸಿ ಆಕಾರದ ಕ್ಲಿಪ್) ಇರುವ ಆಕ್ಸಲ್‌ನಲ್ಲಿ ಬೇರಿಂಗ್‌ನ ರೋಲರ್‌ಗಳು ನೇರವಾಗಿ ಶಾಫ್ಟಿನ ಮೇಲೇ ಉರುಳುತ್ತವೆ, ಒಳಗಿನ ರೇಸ್ ಇಲ್ಲ. ಅಲ್ಲಿ ತಗ್ಗು ಬಿದ್ದಿದ್ದರೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿದರೂ ಕೆಲವೇ ದಿನಕ್ಕೆ ಎಣ್ಣೆ ಡ್ರಮ್ಮಿನೊಳಗೆ ಇಳಿದು ಬ್ರೇಕ್ ಶೂ ನೆನೆಯುತ್ತದೆ. ನೋಡಲು ಶಾಫ್ಟ್ ಹೊರಗೆ ಎಳೆಯಲೇಬೇಕು: ಕವರ್ ತೆಗೆದು, ಡಿಫರೆನ್ಷಿಯಲ್ ಪಿನ್ನಿನ ಲಾಕ್ ಬೋಲ್ಟ್ ಬಿಚ್ಚಿ (ಇದು ಸಣ್ಣದು, ಒತ್ತಾಯ ಮಾಡಿದರೆ ಒಳಗೇ ಮುರಿಯುತ್ತದೆ), ಪಿನ್ ಎಳೆದು, ಶಾಫ್ಟನ್ನು ಒಳಕ್ಕೆ ತಳ್ಳಿದರೆ ಕ್ಲಿಪ್ ಕೆಳಗೆ ಬೀಳುತ್ತದೆ. ಎಳೆದ ಶಾಫ್ಟಿನ ಪಟ್ಟಿಯನ್ನು ಬಟ್ಟೆಯಲ್ಲಿ ಒರೆಸಿ ಉಗುರನ್ನು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಶಾಫ್ಟ್ ಮುಗಿದ ಕಥೆ.

ಇಷ್ಟು ಪಾಸಾದರೆ ಕಳಚಿ. ಗಾಡಿ ನೆಲದಲ್ಲಿರುವಾಗಲೇ ಚಕ್ರದ ನಟ್ಟು ಸಡಿಲ ಮಾಡಿ, ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಕೊಡಿ. ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ಇದ್ದರೆ ಅದರ ವೈರು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್. ಆ ಜಾಯಿಂಟಿನ ಕ್ರಾಸ್ ನಿಮ್ಮ ಗಾಡಿಯದ್ದೇ ಸೈಜೋ ಎಂದು ಅಲ್ಲೇ ಅಳೆದುಬಿಡಿ. ಹೊರೆಗೆ ತಕ್ಕಂತೆ ಬ್ರೇಕ್ ಹಂಚುವ ವಾಲ್ವ್ ಇದ್ದರೆ ಅದರ ಕಡ್ಡಿಯ ಉದ್ದಕ್ಕೆ ಕೈ ಹಾಕದೆ ಪೂರ್ತಿ ಬಿಚ್ಚಿಕೊಳ್ಳಿ. ಯು-ಬೋಲ್ಟ್ ಬಿಚ್ಚಲು ತಲೆಕೆಡಿಸಿಕೊಳ್ಳಬೇಡಿ, ಕತ್ತರಿಸಿ. ಒಮ್ಮೆ ಬಿಗಿದ ಯು-ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಬಳಸುವಂತಿಲ್ಲ. ಆದರೆ ಪೆಟ್ರೋಲ್ ಟ್ಯಾಂಕ್ ಗಾಡಿಯಲ್ಲೇ ಇದ್ದರೆ ಗ್ರೈಂಡರ್ ಹಿಡಿಯಬೇಡಿ, ಹ್ಯಾಕ್ಸಾ ಬ್ಲೇಡಿನಲ್ಲೇ ಕೊಯ್ಯಿರಿ.

ಆಕ್ಸಲ್ ಒಬ್ಬರು ಎತ್ತುವ ತೂಕವಲ್ಲ. ಸ್ಪ್ರಿಂಗ್ ಆಕ್ಸಲ್‌ನ ಮೇಲಿರುವ ಗಾಡಿಯಾದರೆ ಉಪಾಯ ಸುಲಭ: ಚಕ್ರಗಳನ್ನು ವಾಪಸ್ ಹಾಕಿ, ಚಾಸಿಯನ್ನು ಎತ್ತರಿಸಿ, ಆಕ್ಸಲ್ಲನ್ನು ಅದರದೇ ಚಕ್ರದ ಮೇಲೆ ಉರುಳಿಸಿಕೊಂಡು ಹೊರಗೆ ತನ್ನಿ.

ಮನೆಗೆ ತಂದ ಮೇಲೆ ಹೊರಗಿನ ಸೀಲುಗಳು, ಬೇರಿಂಗ್‌ಗಳು, ಬ್ರೇಕ್ ಶೂ, ವೀಲ್ ಸಿಲಿಂಡರ್ ಹೊಸದು ಹಾಕಿ. ಉಸಿರಾಟದ ತೂತು, ಅಂದರೆ ಬ್ರೀದರ್, ಊದಿ ನೋಡಿ. ಅದು ಕಟ್ಟಿದ್ದರೆ ಬಿಸಿಯಾದ ಗಾಳಿ ಹೊಸ ಸೀಲನ್ನೇ ಒತ್ತಿ ಎಣ್ಣೆ ಸೋರಿಸುತ್ತದೆ. ಪಿನಿಯನ್ ಸೀಲ್ ಸೋರದೆ ಒಣಗಿದ್ದರೆ ಅದನ್ನು ಮುಟ್ಟದಿರುವುದೇ ವಾಸಿ. ಸೋರುತ್ತಿದ್ದರೆ ನಟ್ಟು ಬಿಚ್ಚುವ ಮೊದಲು ನಟ್ಟಿಗೂ ಶಾಫ್ಟಿಗೂ ಫ್ಲ್ಯಾಂಜಿಗೂ ಒಂದೇ ಗೆರೆಯಲ್ಲಿ ಗುರುತು ಹೊಡೆದು, ಹೊರಗೆ ಕಾಣುವ ಥ್ರೆಡ್ ಎಣಿಸಿಟ್ಟುಕೊಳ್ಳಿ. ವಾಪಸ್ ಬಿಗಿಯುವಾಗ ಗುರುತಿಗೆ ಬಂದು, ಕೂದಲೆಳೆಯಷ್ಟು ಮುಂದೆ ಹೋಗಿ ನಿಲ್ಲಿಸಿ. ಒಳಗಿನ ಕ್ರಷ್ ಸ್ಲೀವ್ (ಬಿಗಿದಂತೆ ನುಜ್ಜಾಗಿ ಬೇರಿಂಗಿನ ಬಿಗಿತ ಹಿಡಿಯುವ ಕೊಳವೆ) ಇನ್ನಷ್ಟು ನುಜ್ಜಾದರೆ ಬೇರಿಂಗ್ ಬಿಗಿಯಾಗಿ ಕಾಯುತ್ತದೆ, ಸಡಿಲವಾದರೆ ಗಾಡಿ ಗುಂಯ್ ಅಂತ ಕೂಗುತ್ತದೆ. ಸದ್ದಿಲ್ಲದೆ ಓಡುತ್ತಿದ್ದ ಕ್ರೌನ್ ಪಿನಿಯನ್‌ನ ಹೊಂದಾಣಿಕೆ ಕೆಡಿಸುವವರು ಬಹುಪಾಲು ಇಲ್ಲೇ ಕೆಡಿಸುತ್ತಾರೆ.

ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿನಲ್ಲಿ ಕೂತಿದೆಯೋ ನೋಡಿ, ಹೊಸ ಯು-ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ ಹಂತಹಂತವಾಗಿ ಬಿಗಿಯಿರಿ. 80W-90 ಜಿಎಲ್-5 ಗೇರ್ ಎಣ್ಣೆಯನ್ನು ಮೇಲಿನ ತೂತಿನಿಂದ ಹನಿಯುವವರೆಗೆ ಹಾಕಿ. ಸಣ್ಣ ಪಿಕಪ್‌ಗೆ ಎರಡರಿಂದ ಮೂರು ಲೀಟರ್ ಹಿಡಿಯುತ್ತದೆ. ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ ಆದರೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳ ಘರ್ಷಣೆ ಹದಗೊಳಿಸುವ ದ್ರವ) ಸೇರಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಕಟಕಟ ಅನ್ನುತ್ತದೆ. ಬ್ರೇಕಿನ ಗಾಳಿ ತೆಗೆದು ನಿಧಾನ ಓಡಿಸಿ, ನಿಲ್ಲಿಸಿ, ಹಬ್ ಮುಟ್ಟಿ ನೋಡಿ: ಒಂದು ಬದಿ ಮಾತ್ರ ಸುಡುತ್ತಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿದೆ, ಇಲ್ಲವೇ ಬೇರಿಂಗ್ ಸರಿಯಾಗಿ ಕೂತಿಲ್ಲ. ಐನೂರು ಕಿಲೋಮೀಟರ್ ಆದಮೇಲೆ ಯು-ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ಸ್ಪ್ರಿಂಗ್ ಪ್ಲೇಟುಗಳು ಕೂತಂತೆ ಅವು ಸಡಿಲ ಬಿಟ್ಟೇ ಬಿಡುತ್ತವೆ.